ಬೆಂಗಳೂರು–ಮಂಗಳೂರು: ದೂರವೆಷ್ಟು, ವಿಮಾನಕ್ಕೆ ಹೊತ್ತೆಷ್ಟು?

ರಾಜಧಾನಿ ಬೆಂಗಳೂರಿಗೂ ಕಡಲತಡಿಯ ಮಂಗಳೂರಿಗೂ ನಡುವಿನ ದೂರ ಎಷ್ಟು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಆಕಾಶಮಾರ್ಗದಲ್ಲಿ ಅಳೆದರೆ ಅದು ಸುಮಾರು 300 ಕಿ.ಮೀ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 350 ಕಿ.ಮೀ. ಮೈಸೂರು ಬಳಸಿ ಸಾಗುವ ರೈಲಿನಲ್ಲಿ ಸುಮಾರು 440 ಕಿ.ಮೀ. ಹೊತ್ತಿನ ಲೆಕ್ಕದಲ್ಲಿ ಅಂತರ ಇನ್ನೂ ಹೆಚ್ಚು. ವಿಮಾನಯಾನ ಸಂಸ್ಥೆಗಳ ವೇಳಾಪಟ್ಟಿ ಒಂದು ಗಂಟೆಯ ಆಸುಪಾಸನ್ನು ತೋರಿಸಿದರೆ, ಬಸ್ಸು ಏಳೆಂಟು ಗಂಟೆ ಕೇಳುತ್ತದೆ. ರೈಲಿಗೆ ಒಂಬತ್ತರಿಂದ ಹನ್ನೊಂದು ಗಂಟೆ ಬೇಕು.

ಈ ಅಂಕಿಗಳು ಕೇವಲ ಕುತೂಹಲದ ವಿಷಯವಲ್ಲ. ದಕ್ಷಿಣ ಕನ್ನಡ ಜಿಲ್ಲೆ ಹೈಕೋರ್ಟಿನ ಬೆಂಗಳೂರು ಪ್ರಧಾನ ಪೀಠದ ವ್ಯಾಪ್ತಿಗೆ ಸೇರಿರುವುದರಿಂದ ಅಲ್ಲಿನ ಕಕ್ಷಿದಾರರು ಘಟ್ಟ ಹತ್ತಲೇಬೇಕು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಕರಾವಳಿಯ ಯುವಜನರು, ಮಂಗಳೂರಿನ ವೈದ್ಯಕೀಯ ಕಾಲೇಜುಗಳಲ್ಲಿ ಕಲಿಯುತ್ತಿರುವ ವಿದ್ಯಾರ್ಥಿಗಳು, ಅಮೆರಿಕ–ಯುರೋಪಿನ ವಿಮಾನ ಹಿಡಿಯಲು ದೇವನಹಳ್ಳಿಗೆ ಬರುವವರು ಎಲ್ಲರಿಗೂ ಇದೇ ದಾರಿ. ಸಂದರ್ಶನ, ವಿಚಾರಣೆ, ಶಸ್ತ್ರಚಿಕಿತ್ಸೆ ಅಥವಾ ಸಾವಿನ ಸುದ್ದಿ ಕಾದಿರುವಾಗ ಎಷ್ಟು ಕಿಲೋಮೀಟರ್ ಎಂಬುದಕ್ಕಿಂತ ಎಷ್ಟು ಹೊತ್ತಿಗೆ ತಲುಪಬಹುದು ಎಂಬುದೇ ಮುಖ್ಯ. ಟಿಕೆಟ್ಟಿನ ಮೇಲೆ ಅಚ್ಚಾದ ಸಮಯ ಆ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ.

ಆಕಾಶದ ಅಳತೆ

ಎರಡು ನಗರಗಳ ಮಧ್ಯಭಾಗಗಳನ್ನು, ಅಂದರೆ ಬೆಂಗಳೂರಿನ ಮೆಜೆಸ್ಟಿಕ್ ಮತ್ತು ಮಂಗಳೂರಿನ ಹಂಪನಕಟ್ಟೆಯನ್ನು ನೇರ ಗೆರೆಯಲ್ಲಿ ಜೋಡಿಸಿದರೆ ದೂರ 300 ಕಿ.ಮೀ.ಗಿಂತ ಸ್ವಲ್ಪ ಕಡಿಮೆ. ಮಂಗಳೂರು ಬೆಂಗಳೂರಿನ ಪಶ್ಚಿಮಕ್ಕಿದೆ. ದಕ್ಷಿಣದ ಕಡೆಗೆ ತೀರ ಅಲ್ಪ ವಾಲಿದೆ. ಎರಡೂ ಬಹುಮಟ್ಟಿಗೆ ಒಂದೇ ಅಕ್ಷಾಂಶದಲ್ಲಿದ್ದು, ರೇಖಾಂಶದಲ್ಲಿ ಸುಮಾರು 2.7 ಡಿಗ್ರಿ ವ್ಯತ್ಯಾಸವಿದೆ. ಈ ಕಾರಣದಿಂದಲೇ ಮಂಗಳೂರಿನಲ್ಲಿ ಸೂರ್ಯೋದಯ ಮತ್ತು ಸೂರ್ಯಾಸ್ತ ಬೆಂಗಳೂರಿಗಿಂತ ಹತ್ತು-ಹನ್ನೊಂದು ನಿಮಿಷ ತಡ.

ವಿಮಾನಗಳು ಮೆಜೆಸ್ಟಿಕ್‌ನಿಂದ ಹೊರಡುವುದಿಲ್ಲ. ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಇರುವ ನೇರ ದೂರ ಸುಮಾರು 306 ಕಿ.ಮೀ. ವೈಮಾನಿಕ ಲೆಕ್ಕದಲ್ಲಿ ಇದು ಸುಮಾರು 165 ನಾಟಿಕಲ್ ಮೈಲಿ. ಟಿಕೆಟ್ಟುಗಳ ಮೇಲೆ ಬೆಂಗಳೂರಿಗೆ ಬಿಎಲ್‌ಆರ್, ಮಂಗಳೂರಿಗೆ ಐಎಕ್ಸ್‌ಇ ಎಂಬ ಸಂಕೇತಾಕ್ಷರಗಳಿರುತ್ತವೆ.

2008ರ ಮೇ ತಿಂಗಳವರೆಗೆ ಪ್ರಯಾಣಿಕ ವಿಮಾನಗಳು ನಗರದೊಳಗಿನ ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದವು. ಅಲ್ಲಿಂದ ಬಜ್ಪೆಗೆ ನೇರ ದೂರ ಸುಮಾರು 301 ಕಿ.ಮೀ. ನಿಲ್ದಾಣ ದೇವನಹಳ್ಳಿಗೆ ಸ್ಥಳಾಂತರಗೊಂಡಾಗ ಆಕಾಶದಲ್ಲಿ ಹೆಚ್ಚಿದ್ದು ಐದಾರು ಕಿಲೋಮೀಟರ್ ಮಾತ್ರ. ಪ್ರಯಾಣಿಕರ ಪಾಲಿಗೆ ಹೆಚ್ಚಿದ್ದು ನೆಲದ ಮೇಲಿನ ದೂರ.

ಹಾರಾಟದ ಹೊತ್ತು

ವೇಳಾಪಟ್ಟಿಯಲ್ಲಿ ನಮೂದಾಗುವ ಅವಧಿ ವಿಮಾನ ಗಾಳಿಯಲ್ಲಿರುವ ಅವಧಿಯಲ್ಲ. ನಿಂತ ಜಾಗದಿಂದ ವಿಮಾನ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ಬಂದು ನಿಲ್ಲುವ ಕ್ಷಣದವರೆಗಿನ ಒಟ್ಟು ಸಮಯವನ್ನು ಅಲ್ಲಿ ಕೊಡಲಾಗುತ್ತದೆ. ವಿಮಾನಯಾನದ ಪರಿಭಾಷೆಯಲ್ಲಿ ಇದಕ್ಕೆ ಬ್ಲಾಕ್ ಟೈಮ್ ಎಂದು ಹೆಸರು. ಬೆಂಗಳೂರು–ಮಂಗಳೂರು ಮಾರ್ಗದಲ್ಲಿ ಇದು ಸಾಮಾನ್ಯವಾಗಿ ಒಂದು ಗಂಟೆಯಿಂದ ಒಂದೂಕಾಲು ಗಂಟೆ. ಇದರಲ್ಲಿ ವಿಮಾನ ನಿಜವಾಗಿ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯ ಆಸುಪಾಸು. ಉಳಿದದ್ದು ರನ್‌ವೇವರೆಗಿನ ಓಟ, ಸರದಿಗಾಗಿ ಕಾಯುವಿಕೆ ಮತ್ತು ಇಳಿದ ನಂತರದ ಓಟಕ್ಕೆ ಸಲ್ಲುತ್ತದೆ.

ಏರ್‌ಬಸ್ ಎ320 ಜಾತಿಯ ಜೆಟ್ ವಿಮಾನ ಎತ್ತರದಲ್ಲಿ ಗಂಟೆಗೆ 800 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಸಾಗಬಲ್ಲದು. ಆ ವೇಗದಲ್ಲಿ 306 ಕಿ.ಮೀ. ಕ್ರಮಿಸಲು ಅರ್ಧ ಗಂಟೆಯೂ ಬೇಡ. ಆದರೆ ಇಷ್ಟು ಕಿರಿದಾದ ಮಾರ್ಗದಲ್ಲಿ ಏರುವುದೂ ಇಳಿಯುವುದೂ ಸೇರಿಯೇ ಹೆಚ್ಚಿನ ದಾರಿ ಮುಗಿದುಹೋಗುತ್ತದೆ. ಪೂರ್ಣ ವೇಗದಲ್ಲಿ ಸಾಗಲು ಸಿಗುವುದು ಕೆಲವೇ ನಿಮಿಷ. ಗಂಟೆಗೆ ಸುಮಾರು 500 ಕಿ.ಮೀ. ವೇಗದ ಎಟಿಆರ್ 72 ಮಾದರಿಯ ಪಂಖದ ವಿಮಾನಗಳು ಇಂಥ ಮಾರ್ಗಗಳಲ್ಲಿ ಜೆಟ್‌ಗಿಂತ ಬಹಳವೇನೂ ಹಿಂದೆ ಬೀಳದಿರುವುದಕ್ಕೆ ಇದೇ ಕಾರಣ. ಎರಡರ ನಡುವಿನ ಅಂತರ ಹತ್ತು-ಹದಿನೈದು ನಿಮಿಷಗಳಷ್ಟೇ.

ಇದರಲ್ಲಿ ಇನ್ನೊಂದು ವಿಶೇಷವಿದೆ. ಬೆಂಗಳೂರಿನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಮಂಗಳೂರಿನದು ಸುಮಾರು 100 ಮೀಟರ್. ಹೀಗೆ ನಿಲ್ದಾಣದಿಂದ ನಿಲ್ದಾಣಕ್ಕೆ ಎಂಟು ನೂರು ಮೀಟರ್‌ಗೂ ಹೆಚ್ಚಿನ ಇಳಿತವಿದೆ. ವಿಮಾನ ಈ ಇಳಿತವನ್ನು ನಿಮಿಷಗಳಲ್ಲಿ ದಾಟುತ್ತದೆ. ಬಸ್ಸು ಮತ್ತು ರೈಲು ಅದನ್ನೇ ದಾಟಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತವೆ.

ವೇಳಾಪಟ್ಟಿಯ ಅವಧಿಗೆ ಕಾನೂನಿನ ಮಹತ್ವವೂ ಉಂಟು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ 2016ರ ಪರಿಷ್ಕೃತ ನಿಯಮದ ಪ್ರಕಾರ, ಸಕಾಲದಲ್ಲಿ ತಿಳಿಸದೆ ವಿಮಾನ ರದ್ದುಪಡಿಸಿದರೆ ನೀಡಬೇಕಾದ ಪರಿಹಾರ ಬ್ಲಾಕ್ ಟೈಮ್ ಆಧರಿಸಿ ನಿಗದಿಯಾಗುತ್ತದೆ. ಒಂದು ಗಂಟೆಯವರೆಗಿನ ಹಾರಾಟಕ್ಕೆ ಗರಿಷ್ಠ 5,000 ರೂಪಾಯಿ. ಒಂದು ಗಂಟೆ ಮೀರಿ ಎರಡು ಗಂಟೆಯವರೆಗಿನ ಹಾರಾಟಕ್ಕೆ ಗರಿಷ್ಠ 7,500 ರೂಪಾಯಿ. ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ ಇದಕ್ಕಿಂತ ಕಡಿಮೆಯಿದ್ದರೆ ಅಷ್ಟೇ ಸಲ್ಲುತ್ತದೆ. ಬೆಂಗಳೂರು–ಮಂಗಳೂರು ಹಾರಾಟ ಈ ಒಂದು ಗಂಟೆಯ ಗಡಿಯಲ್ಲಿಯೇ ಇರುವುದರಿಂದ ಟಿಕೆಟ್ಟಿನಲ್ಲಿ ನಮೂದಾದ ನಿಮಿಷಗಳನ್ನು ಗಮನಿಸುವುದು ಒಳಿತು. ಹವಾಮಾನದಂಥ, ಸಂಸ್ಥೆಯ ಹಿಡಿತಕ್ಕೆ ಮೀರಿದ ಕಾರಣಗಳಿಗೆ ಈ ಪರಿಹಾರ ಅನ್ವಯಿಸದು.

ಮನೆಯಿಂದ ಮನೆಗೆ

ಪ್ರಯಾಣಿಕರ ಗಡಿಯಾರ ವಿಮಾನ ಕದಲಿದಾಗ ಶುರುವಾಗುವುದಿಲ್ಲ. ಮನೆಯ ಬಾಗಿಲಿಗೆ ಬೀಗ ಹಾಕಿದಾಗ ಶುರುವಾಗುತ್ತದೆ. ದೇವನಹಳ್ಳಿಯ ನಿಲ್ದಾಣ ನಗರದ ಮಧ್ಯಭಾಗದಿಂದ ಸುಮಾರು 35 ಕಿ.ಮೀ. ದೂರದಲ್ಲಿದೆ. ಜಯನಗರ, ಬನಶಂಕರಿ, ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೆ ಇದು ಇನ್ನೂ ದೂರ. ಸಂಜೆಯ ವಾಹನದಟ್ಟಣೆಯಲ್ಲಿ ಒಂದೂವರೆಯಿಂದ ಎರಡು ಗಂಟೆ ಹಿಡಿದರೂ ಅಚ್ಚರಿಯಿಲ್ಲ. ದೇಶೀಯ ಹಾರಾಟಗಳಿಗೆ ಎರಡು ಗಂಟೆ ಮುಂಚಿತವಾಗಿ ಬರುವಂತೆ ಸೂಚನೆ ಇರುತ್ತದೆ. ಲಗೇಜ್ ಒಪ್ಪಿಸುವ ಕೌಂಟರುಗಳು ಸಾಮಾನ್ಯವಾಗಿ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಮುಚ್ಚುತ್ತವೆ.

ಒಂದು ಮಾದರಿ ಲೆಕ್ಕ ಹೀಗಿದೆ. ಮನೆಯಿಂದ ನಿಲ್ದಾಣಕ್ಕೆ ಒಂದೂವರೆ ಗಂಟೆ, ತಪಾಸಣೆ ಮತ್ತು ಕಾಯುವಿಕೆಗೆ ಒಂದೂವರೆ ಗಂಟೆ, ಹಾರಾಟಕ್ಕೆ ಒಂದು ಗಂಟೆ ಹತ್ತು ನಿಮಿಷ, ಲಗೇಜ್ ಪಡೆದು ಹೊರಬರಲು ಇಪ್ಪತ್ತು ನಿಮಿಷ, ಬಜ್ಪೆಯಿಂದ ಮಂಗಳೂರು ನಗರಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ. ಎಲ್ಲವನ್ನೂ ಕೂಡಿದರೆ ಐದು ಗಂಟೆ. ಒಂದು ಗಂಟೆಯ ಹಾರಾಟ ಐದು ಗಂಟೆಯ ಪ್ರಯಾಣವಾಗುವುದು ಹೀಗೆ.

ಕಿಲೋಮೀಟರ್‌ಗಳ ಲೆಕ್ಕವೂ ಅಷ್ಟೇ ಸ್ವಾರಸ್ಯಕರ. ನಗರದಿಂದ ದೇವನಹಳ್ಳಿಗೆ 35 ಕಿ.ಮೀ., ಆಕಾಶದಲ್ಲಿ 306 ಕಿ.ಮೀ., ಬಜ್ಪೆಯಿಂದ ನಗರಕ್ಕೆ ಸುಮಾರು 13 ಕಿ.ಮೀ. ಒಟ್ಟು ಸುಮಾರು 354 ಕಿ.ಮೀ. ಇದು ಹೆದ್ದಾರಿಯ ದೂರಕ್ಕೆ ಬಹುತೇಕ ಸಮ. ದೇವನಹಳ್ಳಿ ನಗರದ ಈಶಾನ್ಯಕ್ಕೂ ಮಂಗಳೂರು ಪಶ್ಚಿಮಕ್ಕೂ ಇರುವುದರಿಂದ, ವಿಮಾನ ಹಿಡಿಯುವವರು ಮೊದಲು ಊರಿಗೆ ಬೆನ್ನು ಹಾಕಿ ಹೊರಡುತ್ತಾರೆ. ಯಶವಂತಪುರ, ಪೀಣ್ಯ, ನೆಲಮಂಗಲ ಭಾಗದವರಿಗಾದರೋ ಮಂಗಳೂರಿನ ಹೆದ್ದಾರಿ ಮನೆಯ ಮುಂದೆಯೇ ಇದ್ದಂತೆ.

ಹಿಂತಿರುಗುವ ಪ್ರಯಾಣ ಇದಕ್ಕಿಂತ ಸುಲಭ. ಬಜ್ಪೆ ನಿಲ್ದಾಣ ಚಿಕ್ಕದು, ನಗರಕ್ಕೆ ಹತ್ತಿರ. ಆದರೆ ದೇವನಹಳ್ಳಿಯಲ್ಲಿ ಇಳಿದ ಮೇಲೆ ಮನೆ ಸೇರುವ ಹೊತ್ತು ಬೆಂಗಳೂರಿನ ದಟ್ಟಣೆಯ ಕೈಯಲ್ಲಿದೆ. 2023ರಿಂದ ಅಲ್ಲಿ ಎರಡು ಟರ್ಮಿನಲ್‌ಗಳು ಬಳಕೆಯಲ್ಲಿರುವುದರಿಂದ, ಯಾವ ಟರ್ಮಿನಲ್ ಎಂಬುದನ್ನು ಟಿಕೆಟ್ಟಿನಲ್ಲಿ ನೋಡಿಕೊಂಡೇ ಹೊರಡುವುದು ಲೇಸು.

ಬಜ್ಪೆಯ ಗುಡ್ಡ, ಮಳೆಗಾಲದ ಮೋಡ

ಮಂಗಳೂರಿನ ವಿಮಾನ ನಿಲ್ದಾಣ 1951ರ ಡಿಸೆಂಬರ್ 25ರಂದು ಆರಂಭವಾಯಿತು. ಅಂದು ಪ್ರಧಾನಿ ಜವಾಹರಲಾಲ್ ನೆಹರೂ ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಂದಿಳಿದಿದ್ದರು. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ನಿರ್ಮಿಸಿದ ನಿಲ್ದಾಣವಿದು. ರನ್‌ವೇಯ ಕೊನೆಗಳಲ್ಲಿ ನೆಲ ಆಳಕ್ಕೆ ಇಳಿಯುತ್ತದೆ. ಇಂಥವನ್ನು ಟೇಬಲ್‌ಟಾಪ್ ರನ್‌ವೇ ಎನ್ನುತ್ತಾರೆ. 2006ರಲ್ಲಿ ಬಳಕೆಗೆ ಬಂದ ಎರಡನೆಯ ರನ್‌ವೇಯ ಉದ್ದ 2,450 ಮೀಟರ್.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಈ ರನ್‌ವೇಯನ್ನು ಮೀರಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಅಸುನೀಗಿದರು. ಎಂಟು ಮಂದಿ ಬದುಕುಳಿದರು. ರಾಜ್ಯ ಕಂಡ ಅತಿ ಘೋರ ವಿಮಾನ ದುರಂತವಿದು.

ಮಳೆಗಾಲದಲ್ಲಿ ಇಲ್ಲಿ ಇಳಿಯುವ ವಿಮಾನಗಳು ಕೆಲವೊಮ್ಮೆ ಸುತ್ತು ಹೊಡೆಯುವುದನ್ನು, ಇಲ್ಲವೇ ಬೇರೆ ನಿಲ್ದಾಣಕ್ಕೆ ತಿರುಗುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕಣ್ಣಳತೆಯ ದೂರ ನಿಗದಿತ ಮಟ್ಟಕ್ಕಿಂತ ಕುಸಿದರೆ ಪೈಲಟ್ ಇಳಿಸುವಂತಿಲ್ಲ. ಬೆಂಗಳೂರಿನಿಂದ ಹೊರಟ ವಿಮಾನ ಮರಳಿ ಬೆಂಗಳೂರಿಗೇ ಬಂದಿಳಿದರೆ ಪ್ರಯಾಣಿಕರಿಗೆ ಅರ್ಧ ದಿನ ಕೈಬಿಟ್ಟಂತೆ. ಬೇಸರದ ಸಂಗತಿಯಾದರೂ ಇಂಥ ಮುಂಜಾಗ್ರತೆ ಜೀವರಕ್ಷಣೆಯ ಮಾತು. ಡಿಸೆಂಬರ್–ಜನವರಿಯ ಮುಂಜಾನೆಗಳಲ್ಲಿ ಪರಿಸ್ಥಿತಿ ತಿರುಗುಮುರುಗು. ಆಗ ದೇವನಹಳ್ಳಿಯ ಮಂಜು ಹಾರಾಟವನ್ನು ತಡೆಯುತ್ತದೆ.

ಹೆದ್ದಾರಿಯಲ್ಲಿ 26 ಕಿಲೋಮೀಟರ್‌ಗಳ ಮಾತು

ರಾಷ್ಟ್ರೀಯ ಹೆದ್ದಾರಿ 75 ಎರಡು ನಗರಗಳ ನಡುವಿನ ಮುಖ್ಯ ರಸ್ತೆ. ಹಳೆಯ ಸಂಖ್ಯೆ 48. ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಗುಂಡ್ಯ, ಉಪ್ಪಿನಂಗಡಿ, ಬಿ.ಸಿ. ರೋಡ್ ದಾಟಿ ಮಂಗಳೂರು ಸೇರುವ ಈ ಹಾದಿ ಸುಮಾರು 350 ಕಿ.ಮೀ. ನೇರ ಗೆರೆಗಿಂತ ಹೆಚ್ಚಾಗುವುದು ಐವತ್ತು ಕಿಲೋಮೀಟರ್ ಮಾತ್ರ. ಘಟ್ಟ ದಾಟುವ ರಸ್ತೆಗೆ ಇದು ಹೆಚ್ಚಲ್ಲ.

ಕಷ್ಟ ಇರುವುದು ದೂರದಲ್ಲಲ್ಲ. ಬೆಂಗಳೂರಿನಿಂದ ಹಾಸನದವರೆಗಿನ ಸುಮಾರು 185 ಕಿ.ಮೀ. ಚತುಷ್ಪಥ ರಸ್ತೆಯನ್ನು ಕಾರುಗಳು ಮೂರು-ಮೂರೂವರೆ ಗಂಟೆಗಳಲ್ಲಿ ಮುಗಿಸುತ್ತವೆ. ಸಕಲೇಶಪುರ ದಾಟಿದ ನಂತರ ಸಿಗುವ ಸುಮಾರು 26 ಕಿ.ಮೀ. ಉದ್ದದ ಶಿರಾಡಿ ಘಾಟಿಯೇ ಇಡೀ ಪ್ರಯಾಣದ ಹೊತ್ತನ್ನು ನಿರ್ಧರಿಸುತ್ತದೆ. ಮಂಗಳೂರು ಬಂದರಿನಿಂದ ಸರಕು ಹೊತ್ತ ಲಾರಿಗಳು, ಅಡುಗೆ ಅನಿಲದ ಟ್ಯಾಂಕರುಗಳು, ಬಸ್ಸು-ಕಾರುಗಳು ಎಲ್ಲವೂ ಇದೇ ಕೊರಕಲಿನಲ್ಲಿ ಏರಿಳಿಯಬೇಕು. ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಸಾಲು ಕಿಲೋಮೀಟರ್‌ಗಟ್ಟಲೆ ಬೆಳೆಯುತ್ತದೆ. ಅನಿಲ ಟ್ಯಾಂಕರ್ ಉರುಳಿದರಂತೂ ಸುರಕ್ಷತೆಯ ದೃಷ್ಟಿಯಿಂದ ಸಂಚಾರವನ್ನೇ ನಿಲ್ಲಿಸಬೇಕಾಗುತ್ತದೆ.

ಮಳೆ-ಮಣ್ಣಿನ ಹೊಡೆತಕ್ಕೆ ಪದೇ ಪದೇ ಹದಗೆಡುತ್ತಿದ್ದ ಈ ರಸ್ತೆಗೆ 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ ಕಾಂಕ್ರೀಟ್ ಹಾಕಲಾಯಿತು. ಎರಡು ಬಾರಿಯೂ ಘಾಟಿಯನ್ನು ತಿಂಗಳುಗಟ್ಟಲೆ ಮುಚ್ಚಲಾಗಿತ್ತು. ಗುಂಡಿಗಳ ಕಾಟ ತಗ್ಗಿತಾದರೂ ಗುಡ್ಡಕುಸಿತ ನಿಲ್ಲಲಿಲ್ಲ. 2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲೆ ಬಳಿ ಮತ್ತೆ ಮತ್ತೆ ಮಣ್ಣು ಕುಸಿದು ಸಂಚಾರ ಸ್ಥಗಿತಗೊಂಡಿತು.

ಪರ್ಯಾಯಗಳು ಎರಡು. ಒಂದು, ಹಾಸನ–ಬೇಲೂರು–ಮೂಡಿಗೆರೆ–ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಬೆಳ್ತಂಗಡಿ ಹಾದು ಬರುವ ದಾರಿ. ಇದು ಶಿರಾಡಿ ಮಾರ್ಗಕ್ಕಿಂತ ಸ್ವಲ್ಪವೇ ದೂರ, ಆದರೆ ತಿರುವುಗಳು ಕಡಿದು. 2019ರ ಆಗಸ್ಟ್‌ನ ಮಳೆಯಲ್ಲಿ ಇದೂ ಕುಸಿದು ಬಹುಕಾಲ ಮುಚ್ಚಿತ್ತು. ಇನ್ನೊಂದು, ಮೈಸೂರು–ಮಡಿಕೇರಿ–ಸಂಪಾಜೆ–ಸುಳ್ಯ–ಪುತ್ತೂರು ಮಾರ್ಗದ ರಾಷ್ಟ್ರೀಯ ಹೆದ್ದಾರಿ 275. ಇದು ಸುಮಾರು 400 ಕಿ.ಮೀ. 2023ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥ ರಸ್ತೆಯಿಂದಾಗಿ ಮೊದಲ ಭಾಗ ಬೇಗ ಮುಗಿಯುತ್ತದೆ. ಆದರೆ 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತಗಳಲ್ಲಿ ಮಡಿಕೇರಿ–ಸಂಪಾಜೆ ನಡುವಿನ ರಸ್ತೆಯೂ ಕೊಚ್ಚಿಹೋಗಿತ್ತು. ಮಳೆ ಬಿರುಸಾದಾಗ ಮೂರು ಘಾಟಿಗಳೂ ಒಟ್ಟಿಗೆ ತೊಂದರೆಗೆ ಸಿಲುಕುವ ಸಂಭವ ಇದ್ದೇ ಇದೆ.

ಹಳಿಯ ದಾರಿ

ಹಾಸನ–ಮಂಗಳೂರು ನಡುವೆ ಮೀಟರ್‌ಗೇಜ್ ರೈಲುಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಬ್ರಾಡ್‌ಗೇಜ್ ಪರಿವರ್ತನೆಗಾಗಿ 1996ರಲ್ಲಿ ಸಂಚಾರ ನಿಂತಿತು. ಪ್ರಯಾಣಿಕ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ ಎರಡು ನಗರಗಳ ನಡುವೆ ನೇರ ಹಾದಿಯ ರೈಲೇ ಇರಲಿಲ್ಲ.

ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ನಡುವಿನ ಸುಮಾರು 55 ಕಿ.ಮೀ. ಘಾಟಿ ಭಾಗದಲ್ಲಿ 57 ಸುರಂಗಗಳಿವೆ. ಕಡಿದಾದ ಕಡೆ ಪ್ರತಿ 50 ಮೀಟರ್‌ಗೆ ಒಂದು ಮೀಟರ್ ಏರಿಳಿತವಿದೆ. ರೈಲಿನ ಮಟ್ಟಿಗೆ ಇದು ಬಹಳ ಕಡಿದು. ಹೀಗಾಗಿ ಇಲ್ಲಿ ರೈಲು ಗಂಟೆಗೆ 30 ಕಿ.ಮೀ. ಆಸುಪಾಸಿನ ವೇಗದಲ್ಲಿ ಸಾಗುತ್ತದೆ. ಘಾಟಿಯೊಂದನ್ನೇ ದಾಟಲು ಎರಡು ಗಂಟೆಗೂ ಹೆಚ್ಚು ಬೇಕು. ವಿಮಾನ ಅಷ್ಟು ಹೊತ್ತಿನಲ್ಲಿ ಮಂಗಳೂರಿಗೆ ಹೋಗಿ ಬರಬಲ್ಲದು.

2017ರಲ್ಲಿ ಕುಣಿಗಲ್–ಶ್ರವಣಬೆಳಗೊಳ ಮೂಲಕ ಬೆಂಗಳೂರು–ಹಾಸನ ಹೊಸ ಮಾರ್ಗ ತೆರೆದುಕೊಂಡ ಮೇಲೆ ದೂರ ಗಣನೀಯವಾಗಿ ತಗ್ಗಿತು. ಈ ಹಾದಿಯ ರೈಲುಗಳಿಗೆ ದೂರ ಹೆದ್ದಾರಿಯಷ್ಟೇ ಅಥವಾ ಸ್ವಲ್ಪ ಹೆಚ್ಚು. ಮೈಸೂರು ಬಳಸಿ ಬರುವ ರೈಲಿಗೆ ಮಾತ್ರ 440 ಕಿ.ಮೀ. ಟಿಕೆಟ್ ಕಾಯ್ದಿರಿಸುವಾಗ ರೈಲು ಯಾವ ಹಾದಿಯದು ಎಂಬುದನ್ನು ಗಮನಿಸಿದರೆ ಒಂದೆರಡು ಗಂಟೆ ಉಳಿಯುತ್ತದೆ.

ಹಳಿಗೂ ಮಳೆಯ ಕಾಟ ತಪ್ಪಿಲ್ಲ. 2018ರಲ್ಲಿ ಘಾಟಿಯ ಹಲವೆಡೆ ಕುಸಿತವುಂಟಾಗಿ ರೈಲು ಸಂಚಾರ ವಾರಗಟ್ಟಲೆ ನಿಂತಿತ್ತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜರಿದಾಗಲೂ ರೈಲುಗಳನ್ನು ರದ್ದುಪಡಿಸಬೇಕಾಯಿತು. ಅದೇ ದಿನಗಳಲ್ಲಿ ಶಿರಾಡಿ ರಸ್ತೆಯೂ ಮುಚ್ಚಿದ್ದನ್ನು ನೆನೆದರೆ, ಮಳೆಗಾಲದಲ್ಲಿ ಕರಾವಳಿಯ ಜನ ವಿಮಾನವನ್ನು ಬರಿಯ ಅನುಕೂಲವೆಂದು ಎಣಿಸದಿರುವುದು ಏಕೆಂದು ತಿಳಿಯುತ್ತದೆ.

ಯಾರಿಗೆ ಯಾವ ದಾರಿ

ಎಚ್ಚರದ ಗಂಟೆಗಳನ್ನು ಲೆಕ್ಕ ಹಾಕಿದರೆ ಚಿತ್ರ ಬದಲಾಗುತ್ತದೆ. ರಾತ್ರಿ ಹತ್ತಕ್ಕೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದವರು ಬೆಳಿಗ್ಗೆ ಆರರ ಸುಮಾರಿಗೆ ಮಂಗಳೂರಿನ ಬಿಜೈ ನಿಲ್ದಾಣದಲ್ಲಿ ಇಳಿಯುತ್ತಾರೆ. ಎಂಟು ಗಂಟೆಯ ಪ್ರಯಾಣವಾದರೂ ಹಗಲಿನ ಕೆಲಸಕ್ಕೆ ಚ್ಯುತಿಯಿಲ್ಲ. ಕೆಎಸ್‌ಆರ್‌ಟಿಸಿಯ ಐರಾವತ, ಅಂಬಾರಿ ಬಸ್ಸುಗಳೂ ರಾತ್ರಿಯ ರೈಲೂ ಸದಾ ತುಂಬಿರುವುದರ ಗುಟ್ಟು ಇದು. ಐದು ಗಂಟೆಯ ವಿಮಾನಯಾನ ಹಗಲನ್ನು ತಿನ್ನುತ್ತದೆ. ಎಂಟು ಗಂಟೆಯ ಬಸ್ಸು ರಾತ್ರಿಯನ್ನು ಮಾತ್ರ ಕೇಳುತ್ತದೆ.

ಒಂದೇ ದಿನದಲ್ಲಿ ಹೋಗಿ ಬರಬೇಕಾದವರಿಗೆ, ಹಿರಿಯರಿಗೆ, ಘಾಟಿಯ ತಿರುವು ಒಗ್ಗದವರಿಗೆ, ಪಯಣದ ಕುಲುಕಾಟ ಸಹಿಸದ ರೋಗಿಗಳಿಗೆ ವಿಮಾನವೇ ಸೂಕ್ತ. ಬೆಂಗಳೂರಿನಿಂದ ವಿದೇಶಕ್ಕೆ ಹಾರುವವರು ಎರಡೂ ಹಾರಾಟಗಳನ್ನು ಒಂದೇ ಟಿಕೆಟ್ಟಿನಲ್ಲಿ ಕಾಯ್ದಿರಿಸುವುದು ಕ್ಷೇಮ. ಬೇರೆ ಬೇರೆ ಟಿಕೆಟ್ ಪಡೆದಿದ್ದರೆ, ಬಜ್ಪೆಯ ಮೋಡದಿಂದ ಮೊದಲ ವಿಮಾನ ತಡವಾದಾಗ ಎರಡನೆಯ ಸಂಸ್ಥೆ ಹೊಣೆ ಹೊರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ತಪ್ಪಿಸುವಂತಿಲ್ಲದ ಕೆಲಸವಿದ್ದವರು ಯಾವ ದಾರಿ ಹಿಡಿದರೂ ಹಿಂದಿನ ದಿನವೇ ತಲುಪುವಂತೆ ಹೊರಡುವುದು ಜಾಣತನ.

ಒಂದು ನೋಟದಲ್ಲಿ

ವಿಮಾನ: ನಿಲ್ದಾಣದಿಂದ ನಿಲ್ದಾಣಕ್ಕೆ ಸುಮಾರು 306 ಕಿ.ಮೀ.; ವೇಳಾಪಟ್ಟಿಯ ಅವಧಿ 1ರಿಂದ 1.15 ಗಂಟೆ (ಒಂದೂಕಾಲು). ಮನೆಯಿಂದ ಮನೆಗೆ ಸುಮಾರು 5 ಗಂಟೆ.

ರಸ್ತೆ, ಶಿರಾಡಿ ಮಾರ್ಗ: ಸುಮಾರು 350 ಕಿ.ಮೀ.; 7ರಿಂದ 8 ಗಂಟೆ.

ರಸ್ತೆ, ಮಡಿಕೇರಿ–ಸಂಪಾಜೆ ಮಾರ್ಗ: ಸುಮಾರು 400 ಕಿ.ಮೀ.; ಶಿರಾಡಿ ಮುಚ್ಚಿದಾಗ ಉಪಯುಕ್ತ.

ರೈಲು: ಶ್ರವಣಬೆಳಗೊಳ ಮಾರ್ಗದಲ್ಲಿ ಹೆದ್ದಾರಿಯಷ್ಟೇ ದೂರ, ಮೈಸೂರು ಮಾರ್ಗದಲ್ಲಿ ಸುಮಾರು 440 ಕಿ.ಮೀ.; 9ರಿಂದ 11 ಗಂಟೆ.

ಕರಾವಳಿಯವರ ಮಾತಿನಲ್ಲಿ ಬೆಂಗಳೂರು ಇಂದಿಗೂ 'ಘಟ್ಟದ ಮೇಲಿನ' ಊರು. ಆ ಮಾತಿನಲ್ಲಿ ಕಿಲೋಮೀಟರ್ ಇಲ್ಲ, ಗಂಟೆಯೂ ಇಲ್ಲ. ನಡುವೆ ಒಂದು ಘಟ್ಟವಿದೆ ಎಂಬುದಷ್ಟೇ ಇದೆ. ವಿಮಾನ ಆ ಘಟ್ಟವನ್ನು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಉಳಿದ ಎಲ್ಲ ಪ್ರಯಾಣಗಳ ವೇಳಾಪಟ್ಟಿಯನ್ನು ಬರೆಯುವುದು ಘಟ್ಟ ಮತ್ತು ಅದರ ಮೇಲೆ ಸುರಿಯುವ ಮಳೆ.